ಅಕ್ವೇರಿಯಂನ ಟ್ಯಾಂಕ್ ಕನೆಕ್ಟರ್ ಸೋರಿದರೆ: ನೀರು ನಿಲ್ಲಬೇಕಾದ ಜಾಗ ಯಾವುದು?

ಗಾಜಿಗೆ ತೂತು ಕೊರೆದು, ಅಲ್ಲಿ ಪೈಪು ಕೂರಿಸಲು ಟ್ಯಾಂಕ್ ಕನೆಕ್ಟರ್ ಹಾಕಿ, ನೀರನ್ನು ಕೆಳಗಿನ ಸಂಪಿಗೆ (ಫಿಲ್ಟರ್ ಇರುವ ಕೆಳತೊಟ್ಟಿಗೆ) ಇಳಿಸಿ, ಮೋಟರಿನಿಂದ ಮತ್ತೆ ಮೇಲಕ್ಕೆ ಎತ್ತುವ ಅಕ್ವೇರಿಯಂಗಳಲ್ಲಿ ಒಂದಲ್ಲ ಒಂದು ದಿನ ಸ್ಟ್ಯಾಂಡಿನ ಒಳಗೆ ಒದ್ದೆ ಕಾಣಿಸುತ್ತದೆ. ಮೊದಲು ಕೈ ಹೋಗುವುದು ನಟ್ಟಿನ ಕಡೆಗೆ. ಇನ್ನೊಂದು ಸುತ್ತು ಬಿಗಿ ಮಾಡಿದರೆ ನಿಂತೀತು ಎಂಬ ಲೆಕ್ಕ. ನಿಲ್ಲದಿದ್ದರೆ ಸುತ್ತಲೂ ಸಿಲಿಕೋನ್, ಅದರ ಮೇಲೊಂದು ಪದರ ಎಂ-ಸೀಲ್. ಕೆಲವು ವಾರ ಕಳೆಯುವಷ್ಟರಲ್ಲಿ ಆ ಮೆತ್ತಿದ್ದರ ಅಡಿಯಿಂದಲೇ ಮತ್ತೆ ಹನಿ.

ಪ್ರತಿ ಜಾಯಿಂಟಿನಲ್ಲೂ ನೀರನ್ನು ತಡೆಯುವ ಜಾಗ ಒಂದೇ ಇರುತ್ತದೆ. ಟ್ಯಾಂಕ್ ಕನೆಕ್ಟರಿನಲ್ಲಿ ಅದು ರಬ್ಬರ್ ವಾಷರ್ ಗಾಜಿಗೆ ಒತ್ತಿಕೊಳ್ಳುವ ಜಾಗ. ಎಂಟಿಎ, ಎಫ್‌ಟಿಎ ಥರದ, ಅಂದರೆ ಹೊರಗೆ ಇಲ್ಲವೇ ಒಳಗೆ ಥ್ರೆಡ್ ಇರುವ ಫಿಟ್ಟಿಂಗಿನಲ್ಲಿ ಟೇಪ್ ಸುತ್ತಿದ ಥ್ರೆಡ್. ಬಿಚ್ಚಿ ಮತ್ತೆ ಜೋಡಿಸಬಹುದಾದ ಯೂನಿಯನ್ನಿನಲ್ಲಿ ಓ-ರಿಂಗ್ ಎಂಬ ರಬ್ಬರ್ ಬಳೆ. ಪಿವಿಸಿ ಪೈಪು ಸೇರಿಸುವ ಸಾಲ್ವೆಂಟ್ ಹಾಕಿದ ಕಡೆ ಕರಗಿ ಒಂದಾದ ಪ್ಲಾಸ್ಟಿಕ್. ಆ ಜಾಗ ಕೆಟ್ಟಿದ್ದರೆ ಬೇರೆಲ್ಲಿ ಏನು ಮೆತ್ತಿದರೂ ನೀರು ಸುತ್ತಿ ಬಳಸಿ ಹೊರಗೆ ಬರುತ್ತದೆ.

ಬಿಗಿ ಸಾಲದೆ ಸೋರುತ್ತಿದೆ ಎಂಬ ಅನುಮಾನವನ್ನು ಒಂದು ಸಣ್ಣ ಲೆಕ್ಕದಿಂದ ಬಿಡಿಸಿಕೊಳ್ಳಬಹುದು. ಒಂದೂವರೆ ಅಡಿ ಎತ್ತರದ ತೊಟ್ಟಿಯ ತಳದಲ್ಲಿ ನೀರಿನ ಒತ್ತಡ ಸುಮಾರು 0.045 ಬಾರ್. ಮನೆಯ ಓವರ್‌ಹೆಡ್ ಟ್ಯಾಂಕಿನಿಂದ 10 ಮೀಟರ್ ಕೆಳಗಿರುವ ನಲ್ಲಿಯಲ್ಲಿ ಒತ್ತಡ ಹತ್ತಿರ ಹತ್ತಿರ 1 ಬಾರ್, ಅಂದರೆ ಇದರ ಇಪ್ಪತ್ತು ಪಟ್ಟಿಗೂ ಹೆಚ್ಚು. 45 ಮಿ.ಮೀ. ತೂತಿನ ಮೇಲೆ ಅಕ್ವೇರಿಯಂನ ನೀರು ಹಾಕುವ ಒಟ್ಟು ಬಲ ಮುಕ್ಕಾಲು ಕಿಲೋಗೂ ಕಡಿಮೆ. ಇಷ್ಟನ್ನು ತಡೆಯಲು ಪೈಪ್ ರೆಂಚ್ ಬೇಕಿಲ್ಲ. ವಾಷರ್ ಸಮವಾಗಿ, ಸ್ವಚ್ಛವಾಗಿ, ನೇರವಾಗಿ ಕೂತಿದ್ದರೆ ಕೈಬಿಗಿಯೇ ಸಾಕು. ಕೂತಿಲ್ಲದಿದ್ದರೆ ಎಷ್ಟು ಬಿಗಿದರೂ ವಾಷರ್ ಒಂದು ಪಕ್ಕಕ್ಕೆ ಉಬ್ಬಿ ಆಚೆ ಬರುತ್ತದೆ, ಇಲ್ಲವೇ ಗಾಜು ಬಿರಿಯುತ್ತದೆ.

ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ

ನೀರು ಪೈಪಿನ ಮೈಯುದ್ದಕ್ಕೂ ಇಳಿದು ಎಲ್ಲಕ್ಕಿಂತ ಕೆಳಗಿನ ಎಲ್ಬೋದ ತುದಿಯಲ್ಲಿ ಹನಿಗೂಡುತ್ತದೆ. ಆ ಎಲ್ಬೋವನ್ನೇ ದೂಷಿಸಿ ಕತ್ತರಿಸಿದವರು ಬಹಳ. ಹಾಗಾಗಿ ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ, ಪ್ರತಿ ಜಾಯಿಂಟಿನ ಕೆಳಗೂ ಟಿಶ್ಯೂ ಕಾಗದದ ಒಂದೊಂದು ಪಟ್ಟಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಬಿಡಿ. ಅರ್ಧ ಗಂಟೆ ಬಿಟ್ಟು ನೋಡಿ. ಒದ್ದೆಯಾದ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಮೇಲಿನದು ನಿಮಗೆ ಬೇಕಾದ ಜಾಗ. ಹಳೆಯ ಸೋರಿಕೆ ತನ್ನ ಗುರುತನ್ನು ತಾನೇ ಬಿಟ್ಟಿರುತ್ತದೆ: ಬೋರ್‌ವೆಲ್ಲಿನ ಗಡಸು ನೀರಾದರೆ ಬಿಳಿ ಸುಣ್ಣದ ಗೆರೆ, ಸಮುದ್ರದ ಮೀನಿನ ತೊಟ್ಟಿಯಾದರೆ ಉಪ್ಪಿನ ಹರಳು.

ಮೋಟರ್ ನಿಲ್ಲಿಸಿದಾಗ ಸೋರಿಕೆ ನಿಂತರೆ ತಪ್ಪು ಹೆಚ್ಚಾಗಿ ಮೋಟರಿನಿಂದ ನೀರು ಮೇಲಕ್ಕೆ ಬರುವ ರಿಟರ್ನ್ ಪೈಪಿನಲ್ಲಿದೆ, ಇಲ್ಲವೇ ತುಂಬಿ ಹರಿದ (ಓವರ್‌ಫ್ಲೋ) ನೀರು ಸಂಪಿಗೆ ಇಳಿಯುವ ಪೈಪಿನಲ್ಲಿದೆ. ಮೋಟರ್ ನಿಂತ ಮೇಲೂ ಹನಿ ನಿಲ್ಲದಿದ್ದರೆ ನೀರಿನ ಮಟ್ಟಕ್ಕಿಂತ ಕೆಳಗಿರುವ ಯಾವುದೋ ಜಾಯಿಂಟು. ತಳದಲ್ಲಿ ತೂತಿರುವ ತೊಟ್ಟಿಗೆ ಇನ್ನೂ ಒಂದು ಪರೀಕ್ಷೆಯಿದೆ. ಮೋಟರ್ ನಿಲ್ಲಿಸಿ, ಕನೆಕ್ಟರಿನ ಬಾಯಿಗೆ ಒಳಗಿನಿಂದ ರಬ್ಬರ್ ಬಿರಡೆ ಬಿಗಿಯಾಗಿ ಹಾಕಿ, ಕೆಳಗಿನ ಪೈಪುಗಳನ್ನು ಖಾಲಿಯಾಗಲು ಬಿಡಿ. ಹನಿ ನಿಂತರೆ ಕನೆಕ್ಟರಿನ ವಾಷರ್ ನೆಟ್ಟಗಿದೆ, ತೊಂದರೆ ಅದರಾಚೆಯ ಪೈಪಿನಲ್ಲಿದೆ. ಬಿರಡೆ ಹಾಕಿದ ಮೇಲೂ ಗಾಜಿನ ಪಕ್ಕದಿಂದ ಒಸರುತ್ತಿದ್ದರೆ ವಾಷರೇ. ಈ ಒಂದು ಪರೀಕ್ಷೆ ಎಷ್ಟೋ ಸಲ ತೊಟ್ಟಿ ಪೂರ್ತಿ ಖಾಲಿ ಮಾಡುವ ಕೆಲಸವನ್ನು ತಪ್ಪಿಸುತ್ತದೆ.

ನೀರು ತಣ್ಣಗಾಗಿಸುವ ಚಿಲ್ಲರ್ ಇಟ್ಟವರು, ಅದರಲ್ಲೂ ಕರಾವಳಿಯ ಸೆಕೆಯಲ್ಲಿ ಇರುವವರು, ಇನ್ನೊಂದನ್ನು ನೋಡಬೇಕು. ತಣ್ಣನೆಯ ಪೈಪಿನ ಮೇಲೆ ಗಾಳಿಯ ತೇವ ಬೆವರಿನಂತೆ ಕೂರುತ್ತದೆ. ಒದ್ದೆ ಪೈಪಿನುದ್ದಕ್ಕೂ ಸಮವಾಗಿದ್ದರೆ ಅದು ಸೋರಿಕೆಯಲ್ಲ.

ಸೆಕೆಂಡಿಗೆ ಒಂದು ಹನಿ ಅಂದರೆ ಅಲಕ್ಷ್ಯ ಮಾಡುವಂಥದ್ದೇನೂ ಅಲ್ಲ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದಿಟ್ಟುಕೊಂಡರೂ ದಿನಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು. ಪ್ಲೈವುಡ್ ಸ್ಟ್ಯಾಂಡ್ ಉಬ್ಬಿ ಒಂದು ಮೂಲೆ ಕುಸಿದರೆ ತೊಟ್ಟಿಯ ತಳಕ್ಕೇ ಅಪಾಯ. ತೂತಿನ ಅಂಚಿನಿಂದ ಹೊರಟ ಕೂದಲೆಳೆಯ ಬಿರುಕೇನಾದರೂ ಟಾರ್ಚಿನ ಬೆಳಕಿನಲ್ಲಿ ಕಂಡರೆ ಮುಂದಿನದನ್ನು ಓದುವುದು ಬೇಡ. ಅದಕ್ಕೆ ರಿಪೇರಿಯಿಲ್ಲ, ಇವತ್ತೇ ತೊಟ್ಟಿ ಖಾಲಿ ಮಾಡಿ ಆ ಗಾಜನ್ನು ಬದಲಿಸಬೇಕು.

ಬಿಚ್ಚುವ ಮೊದಲು

ಮೊದಲು ಕರೆಂಟು. ಹೀಟರ್, ಮೋಟರ್, ದೀಪ ಎಲ್ಲದರ ಪ್ಲಗ್ ಕಿತ್ತಿಡಿ. ಬರೀ ಸ್ವಿಚ್ ಆಫ್ ಮಾಡುವುದು ಸಾಲದು. ಹೀಟರ್ ಆರಲು 15–20 ನಿಮಿಷ ಕೊಟ್ಟು ಆಮೇಲೆ ನೀರು ಇಳಿಸಿ. ಬಿಸಿ ಹೀಟರಿನ ಗಾಜು ಗಾಳಿಗೆ ತೆರೆದುಕೊಂಡರೆ ಒಡೆಯಬಹುದು.

ನೀರು ಎಷ್ಟು ತೆಗೆಯಬೇಕು? 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 5.6 ಲೀಟರ್. ಕನೆಕ್ಟರ್ ಹಿಂಬದಿಯ ಗಾಜಿನಲ್ಲಿ ಮೇಲ್ಗಡೆ ಇದ್ದರೆ 15 ಸೆಂ.ಮೀ. ಇಳಿಸಿದರೆ ಸಾಮಾನ್ಯವಾಗಿ ಸಾಕು: ಎಂಬತ್ತು ಚಿಲ್ಲರೆ ಲೀಟರ್, ಅಂದರೆ ನಾಲ್ಕೈದು 20 ಲೀಟರಿನ ಕ್ಯಾನು. ಮೀನುಗಳು ಒಳಗೇ ಇರಲಿ. ತೆಗೆದ ನೀರನ್ನು ಚೆಲ್ಲಬೇಡಿ. ಕಾರ್ಪೊರೇಷನ್ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅಷ್ಟನ್ನು ಒಮ್ಮೆಗೇ ಹೊಸದಾಗಿ ತುಂಬುವುದು ಬೇಡ. ಸೋಪು ಮುಟ್ಟದ ಕ್ಯಾನಿನಲ್ಲಿ ಇಟ್ಟು ವಾಪಸ್ ಹಾಕಿ. ತೂತು ತಳದಲ್ಲಿದ್ದು ಅದರ ಸುತ್ತ ಓವರ್‌ಫ್ಲೋ ಪೆಟ್ಟಿಗೆ ಇದ್ದರೆ, ಆ ಪೆಟ್ಟಿಗೆಯ ಸಿಲಿಕೋನ್ ಗಟ್ಟಿಯಿದ್ದಲ್ಲಿ, ಪೆಟ್ಟಿಗೆಯನ್ನಷ್ಟೇ ಖಾಲಿ ಮಾಡಿದರಾಯಿತು. ಪೆಟ್ಟಿಗೆಯಿಲ್ಲದ ತಳದ ತೂತಿಗೆ ಮಾತ್ರ ಮೀನನ್ನು ಬೇರೆಡೆಗೆ ಸಾಗಿಸದೆ ವಿಧಿಯಿಲ್ಲ.

ಮೋಟರ್ ನಿಂತಾಗ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಸಿಗುವುದಿಲ್ಲ. ಸಂಪಿನಲ್ಲಿ ಏರ್ ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಒಂದು ಏರ್‌ಸ್ಟೋನ್, ತೊಟ್ಟಿಯಲ್ಲೊಂದು ಇಟ್ಟರೆ ಒಂದೆರಡು ದಿನಕ್ಕೆ ತೊಂದರೆಯಿಲ್ಲ. ಅಷ್ಟು ಹೊತ್ತು ಮೀನಿಗೆ ತಿಂಡಿ ಹಾಕಬೇಡಿ. ಮೀನಿಗೆ ವಿಷವಾದ ಅಮೋನಿಯಾ ಹುಟ್ಟುವುದೇ ಅದರಿಂದ.

ಕನೆಕ್ಟರನ್ನು ಮರುಕೂರಿಸುವುದು

ಟ್ಯಾಂಕ್ ಕನೆಕ್ಟರ್ ಅಥವಾ ಟ್ಯಾಂಕ್ ನಿಪ್ಪಲ್ ಅಂದರೆ ಒಂದು ತುದಿಯಲ್ಲಿ ಅಗಲ ತಟ್ಟೆಯಿರುವ ಥ್ರೆಡ್ ಪೈಪು, ಒಂದು ರಬ್ಬರ್ ವಾಷರ್, ಒಂದು ಚೆಕ್ ನಟ್. ವಾಷರ್ ಯಾವ ಕಡೆ ಎಂಬುದರಲ್ಲೇ ಎಷ್ಟೋ ಸೋರಿಕೆಗಳ ಮೂಲವಿದೆ. ಅದು ಯಾವಾಗಲೂ ತಟ್ಟೆಯ ಕಡೆಗೇ ಇರಬೇಕು, ತಟ್ಟೆ ಮತ್ತು ಗಾಜಿನ ನಡುವೆ. ನಟ್ಟಿನ ಕಡೆ ಹಾಕಿದರೆ ವಾಷರ್ ಗಾಜಿಗೆ ಎಷ್ಟೇ ಚೆನ್ನಾಗಿ ಒತ್ತಿದರೂ ನೀರು ತೂತಿನೊಳಗೆ ನುಗ್ಗಿ, ಪೈಪಿನ ಥ್ರೆಡ್ಡಿಗೂ ನಟ್ಟಿನ ಥ್ರೆಡ್ಡಿಗೂ ನಡುವಿನ ಸುರುಳಿ ದಾರಿಯಲ್ಲಿ ನಿಧಾನವಾಗಿ ಹೊರಗೆ ಬರುತ್ತದೆ. ನಟ್ಟಿನ ಥ್ರೆಡ್ ನೀರು ತಡೆಯಲು ಮಾಡಿದ್ದಲ್ಲ, ಬರೀ ಒತ್ತಿ ಹಿಡಿಯಲು ಮಾಡಿದ್ದು. ಅಲ್ಲಿ ಟೆಫ್ಲಾನ್ ಟೇಪ್ ಸುತ್ತುವುದೂ ದಂಡ. ತಟ್ಟೆಯನ್ನು ತೊಟ್ಟಿಯ ಒಳಗಿಡುವುದು ವಾಡಿಕೆ, ಅದೇ ಒಳ್ಳೆಯದು. ನಟ್ಟಿನ ಕಡೆ ನುಣುಪಾದ ಒಂದು ಪ್ಲಾಸ್ಟಿಕ್ ವಾಷರ್ ಇದ್ದರೆ ನಟ್ ತಿರುಗುವಾಗ ಗಾಜಿಗೆ ಉಜ್ಜುವುದಿಲ್ಲ.

ಬಿಚ್ಚುವಾಗ ಒಳಗಿನ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ನಟ್ಟನ್ನು ಮಾತ್ರ ತಿರುಗಿಸಿ. ಆಮದಾದ ಕೆಲವು ಕನೆಕ್ಟರುಗಳಲ್ಲಿ ನಟ್ಟಿಗೆ ಎಡ ಥ್ರೆಡ್ ಇರುತ್ತದೆ. ಸಡಿಲಿಸುತ್ತಿದ್ದೇನೆ ಎಂದುಕೊಂಡು ಬಿಗಿಯುತ್ತಾ ಹೋಗಿ ಗಾಜು ಒಡೆದುಕೊಳ್ಳುವುದು ಇಲ್ಲೇ. ತಿರುಗಿಸುವ ಮೊದಲು ಥ್ರೆಡ್ ಯಾವ ಕಡೆಗೆ ಏರಿದೆ ಎಂದು ಕಣ್ಣಿನಿಂದ ನೋಡಿಕೊಳ್ಳಿ. ಸುಣ್ಣ ಕಟ್ಟಿ ನಟ್ ಅಲ್ಲಾಡದಿದ್ದರೆ ಬಿಳಿ ವಿನೆಗರ್ ನೆನೆಸಿದ ಬಟ್ಟೆಯನ್ನು ಒಂದು ಗಂಟೆ ಸುತ್ತಿಡಿ. ಹಿಂದೆ ಯಾರೋ ಸಿಲಿಕೋನ್ ಹಚ್ಚಿದ್ದರೆ ತೆಳು ಬ್ಲೇಡಿನಿಂದ ಅದನ್ನು ಪೂರ್ತಿ ಕತ್ತರಿಸಿದ ಮೇಲೆಯೇ ನಟ್ಟಿಗೆ ಬಲ ಹಾಕಿ.

ಈಗ ಮೂರು ವಸ್ತುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ವಾಷರ್ ಹಳೆಯದಾದರೆ ಗಟ್ಟಿಯಾಗಿ, ತಟ್ಟೆಯ ಅಚ್ಚು ಮೂಡಿಸಿಕೊಂಡು, ಒತ್ತಿದರೂ ಮರಳಿ ಉಬ್ಬದ ಹಾಗಾಗಿರುತ್ತದೆ. ಅಂಥದ್ದನ್ನು ತಿರುವಿ ಹಾಕಿ ಉಳಿಸುವ ಪ್ರಯತ್ನ ಬೇಡ. ಹೊಸದು ಸಿಗದಿದ್ದರೆ 3 ಮಿ.ಮೀ. ದಪ್ಪದ ಸಿಲಿಕೋನ್ ಅಥವಾ ಇಪಿಡಿಎಂ ರಬ್ಬರ್ ಶೀಟಿನಿಂದ ಕತ್ತರಿಸಿಕೊಳ್ಳಬಹುದು. ಒಳವೃತ್ತ ಥ್ರೆಡ್ಡಿನ ಮೇಲೆ ಸಲೀಸಾಗಿ ಕೂರಬೇಕು, ಹೊರವೃತ್ತ ತಟ್ಟೆಯ ಅಂಚಿನಷ್ಟೇ ಇರಬೇಕು. ಎರಡನೆಯದು ಗಾಜು: ಡ್ರಿಲ್ ಬಿಟ್ ಆಚೆ ಬರುವಾಗ ತೂತಿನ ಅಂಚಿನಲ್ಲಿ ಚಕ್ಕೆ ಎದ್ದಿರುತ್ತದೆ. ಚಕ್ಕೆ ವಾಷರಿನ ಅಗಲದೊಳಗೆ ಮುಗಿದು, ಅದರಾಚೆ ಸುತ್ತಲೂ ಕನಿಷ್ಠ 5 ಮಿ.ಮೀ. ನುಣುಪು ಗಾಜು ಉಳಿದಿದ್ದರೆ ಚಿಂತೆಯಿಲ್ಲ. ಚಕ್ಕೆ ವಾಷರಿನ ಹೊರ ಅಂಚಿನವರೆಗೂ ಹರಿದಿದ್ದರೆ ಅದೇ ನೀರಿನ ಕಾಲುವೆ. ಅಗಲ ತಟ್ಟೆಯ ಕನೆಕ್ಟರ್ ಬೇಕು.

ಮೂರನೆಯದನ್ನು ಯಾರೂ ನೋಡುವುದಿಲ್ಲ: ತಟ್ಟೆಯ ಸಮತಟ್ಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಟ್ಯಾಂಕ್ ನಿಪ್ಪಲ್ ತಯಾರಾಗುವುದು ಮೇಲೆ ಕೂರಿಸುವ ಪ್ಲಾಸ್ಟಿಕ್ ನೀರಿನ ಟ್ಯಾಂಕಿಗೆ. ಅದರ ಗೋಡೆ ಸ್ವಲ್ಪ ಬಾಗುತ್ತದೆ, ತಟ್ಟೆಯ ಸಣ್ಣ ವಕ್ರಗಳನ್ನೆಲ್ಲ ಹೊಂದಿಸಿಕೊಳ್ಳುತ್ತದೆ. ಗಾಜು ಹಾಗೆ ಬಾಗಿ ಹೊಂದಿಕೊಳ್ಳುವುದಿಲ್ಲ. ತಟ್ಟೆಯನ್ನು ಒಂದು ಗಾಜಿನ ತುಂಡಿನ ಮೇಲಿಟ್ಟು ಒತ್ತಿ ನೋಡಿ. ಅಲುಗಾಡಿದರೆ, ಅಥವಾ ಅಚ್ಚಿನ ಗೆರೆ ಉಬ್ಬಿದ್ದರೆ, 400 ನಂಬರಿನ ಎಮರಿ ಪೇಪರನ್ನು ಗಾಜಿನ ಮೇಲೆ ಹಾಸಿ, ನೀರು ಹಾಕಿ, ಎಂಟರ ಆಕಾರದಲ್ಲಿ ಉಜ್ಜಿ. ಎಲ್ಲ ಕಡೆ ಒಂದೇ ಥರ ಮಸುಕಾದ ಮೇಲೆ ನಿಲ್ಲಿಸಿ. ಹಿತ್ತಾಳೆಯ ನಿಪ್ಪಲ್ ಗಟ್ಟಿಮುಟ್ಟು ಎಂದು ಹಾಕುವವರಿದ್ದಾರೆ. ತಾಮ್ರದ ಅಂಶ ನೀರಿಗೆ ಇಳಿಯುತ್ತದೆ, ಸೀಗಡಿ, ಬಸವನಹುಳು, ಹವಳಗಳಿಗೆ ಅದು ವಿಷ.

ಕೂರಿಸುವುದು ಐದು ನಿಮಿಷದ ಕೆಲಸ. ಗಾಜಿನ ಸುಣ್ಣ, ಪಾಚಿ, ಹಳೆಯ ಸಿಲಿಕೋನನ್ನು ಬ್ಲೇಡಿನಲ್ಲಿ ಕೆರೆದು, ವಿನೆಗರಿನಿಂದ ಒರೆಸಿ, ಒಣಗಿಸಿ. ವಾಷರನ್ನು ತಟ್ಟೆಗೆ ಹತ್ತಿಸಿ ಒಳಗಿನಿಂದ ತೂರಿಸಿ. ತೂತು ಪೈಪಿಗಿಂತ ದೊಡ್ಡದಿದ್ದರೆ ಕನೆಕ್ಟರ್ ಒಂದು ಪಕ್ಕಕ್ಕೆ ಜಾರುತ್ತದೆ, ವಾಷರಿನ ಹಿಡಿತ ಇನ್ನೊಂದು ಪಕ್ಕದಲ್ಲಿ ಕಡಿಮೆಯಾಗುತ್ತದೆ. ನಡುವೆ ಬರುವಂತೆ ಹಿಡಿದುಕೊಳ್ಳಿ. ನಟ್ಟನ್ನು ಕೈಯಲ್ಲಿ ಆಗುವಷ್ಟು ಬಿಗಿ ಮಾಡಿ, ಆಮೇಲೆ ಕಾಲು ಸುತ್ತು. ಅಷ್ಟೇ. ತಿರುಗಬೇಕಾದದ್ದು ನಟ್ ಮಾತ್ರ. ತಟ್ಟೆಯೂ ಜೊತೆಗೆ ತಿರುಗಿದರೆ ವಾಷರ್ ಮಡಚಿಕೊಳ್ಳುತ್ತದೆ, ಮೊದಲಿನಿಂದ ಕೂರಿಸಬೇಕಾಗುತ್ತದೆ.

ವಾಷರಿಗೆ ಸಿಲಿಕೋನ್ ಹಚ್ಚಬೇಕೇ? ಬೇಡ. ಹಸಿ ಸಿಲಿಕೋನ್ ಎಣ್ಣೆಯಂತೆ ಜಾರುತ್ತದೆ. ಬಿಗಿಯುವಾಗ ವಾಷರ್ ಸುಲಭವಾಗಿ ಆಚೆ ಜರುಗುತ್ತದೆ. ಒಣಗಿದ ಮೇಲೆ ಮುಂದಿನ ಸಲ ಬಿಚ್ಚುವುದು ಕಷ್ಟ. ಹೊರಗಿನಿಂದ ಮೆತ್ತುವುದಂತೂ ಇನ್ನೂ ವ್ಯರ್ಥ. ನೀರು ಹಿಂದಿನಿಂದ ತಳ್ಳುತ್ತಿರುತ್ತದೆ, ಒದ್ದೆ ಗಾಜಿಗೆ ಸಿಲಿಕೋನ್ ಹಿಡಿಯುವುದಿಲ್ಲ, ಒಣಗಿದ ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಅಂಟುವುದೂ ಇಲ್ಲ. ಗಾಜಿನಲ್ಲಿ ಚಕ್ಕೆ ಎದ್ದು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ, ವಿನೆಗರ್ ವಾಸನೆ ಬರುವ, ಬೂಷ್ಟು ತಡೆಯುವ ಔಷಧ ಬೆರೆಸದ ಶುದ್ಧ ಸಿಲಿಕೋನನ್ನು ಒಣ ಗಾಜಿಗೆ ಹಚ್ಚಿ, ನಟ್ಟನ್ನು ಮೆಲ್ಲಗೆ ಬಿಗಿದು, ಎರಡು ಮೂರು ದಿನ ಒಣಗಲು ಬಿಡಬಹುದು.

ಥ್ರೆಡ್ಡೂ ಸಾಲ್ವೆಂಟೂ

ಕನೆಕ್ಟರಿನಿಂದ ಪೈಪಿಗೆ ಹೋಗುವ ಥ್ರೆಡ್ ಜಾಯಿಂಟಿಗೆ ಟೇಪ್ ಬೇಕು. ಥ್ರೆಡ್ಡಿನ ತುದಿ ನಿಮ್ಮ ಕಡೆಗಿರಲಿ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಎಳೆದು ಹಿಡಿದು ಮೂರರಿಂದ ಐದು ಸುತ್ತು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿಕೊಂಡು ಗಂಟಾಗುತ್ತದೆ. ಹತ್ತು ಹದಿನೈದು ಸುತ್ತು ಹಾಕಿ ರೆಂಚಿನಲ್ಲಿ ಬಿಗಿದರೆ ಹೊರಗಿನ ಪ್ಲಾಸ್ಟಿಕ್ ಸಾಕೆಟ್ ಒಳಗಿನಿಂದ ಸೀಳುತ್ತದೆ. ಸೀಳಿದ್ದು ಅವತ್ತೇ ಗೊತ್ತಾಗದೆ ತಿಂಗಳ ನಂತರ ಸೋರುತ್ತದೆ. ಜಿಐ ಪೈಪಿಗೆ ಪ್ಲಂಬರುಗಳು ಹಚ್ಚುವ ಸಫೇದ, ನೂಲು ಇಲ್ಲಿಗೆ ತರಬೇಡಿ.

ಆಮದಾದ ಫಿಟ್ಟಿಂಗ್ ತಂದವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ನಮ್ಮ ಅಂಗಡಿಗಳ ಥ್ರೆಡ್ ಬಿಎಸ್‌ಪಿ, ಅಮೆರಿಕದ್ದು ಎನ್‌ಪಿಟಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್ ಇರುವುದರಿಂದ ಒಂದಕ್ಕೊಂದು ಸಲೀಸಾಗಿ ಸೇರುತ್ತವೆ. ಆದರೆ ಒಂದರ ಹಲ್ಲಿನ ಕೋನ 55 ಡಿಗ್ರಿ, ಇನ್ನೊಂದರದು 60. ಹಲ್ಲುಗಳ ನಡುವೆ ಸಂದು ಉಳಿಯುತ್ತದೆ. ಒಂದು ಇಂಚಿನ ಫಿಟ್ಟಿಂಗಿನಲ್ಲಿ ಬಿಎಸ್‌ಪಿಗೆ ಇಂಚಿಗೆ 11 ಥ್ರೆಡ್, ಎನ್‌ಪಿಟಿಗೆ 11.5, ಎರಡು ಮೂರು ಸುತ್ತಿಗೇ ಕಚ್ಚಿಕೊಂಡು ನಿಲ್ಲುತ್ತದೆ.

ಪೈಪಿನ ಅಳತೆಯ ಗೊಂದಲ ಇದಕ್ಕಿಂತ ದೊಡ್ಡದು. ಅಂಗಡಿಯಲ್ಲಿ "ಒಂದು ಇಂಚು" ಎಂದು ಕೇಳಿದರೆ ಮೂರು ಬೇರೆ ಬೇರೆ ಪೈಪು ಸಿಗಬಹುದು. ಬಿಳಿ ಯುಪಿವಿಸಿ ಪ್ಲಂಬಿಂಗ್ ಪೈಪಿನ ಹೊರವ್ಯಾಸ 33.4 ಮಿ.ಮೀ., ಹೊಲಕ್ಕೆ ಹಾಕುವ ಮೆಟ್ರಿಕ್ ಪಿವಿಸಿ ಪೈಪಿನದು 32, ಬಿಸಿನೀರಿಗೆ ಹಾಕುವ ಕೆನೆಬಣ್ಣದ ಸಿಪಿವಿಸಿಯದು 28.6. ಮೂವತ್ತೆರಡರ ಪೈಪು ಮೂವತ್ಮೂರೂವರೆಯ ಸಾಕೆಟ್ಟಿಗೆ ಸಡಿಲವಾಗಿ ಹೋಗುತ್ತದೆ, ಸಾಲ್ವೆಂಟ್ ಜಾಸ್ತಿ ಹಚ್ಚಿದರೆ ನಿಂತಂತೆಯೂ ಕಾಣುತ್ತದೆ. ಸಾಲ್ವೆಂಟ್ ಗೋಂದಲ್ಲ, ಎರಡು ಮೈಗಳನ್ನು ಕರಗಿಸಿ ಒಂದು ಮಾಡುವ ದ್ರವ. ಮೈಗೆ ಮೈ ತಾಗದ ಕಡೆ ಅದು ಆರಿ, ಕುಗ್ಗಿ, ಸಣ್ಣ ಸುರಂಗ ಬಿಡುತ್ತದೆ.

ಆದ್ದರಿಂದಲೇ ಸೋರುವ ಸಾಲ್ವೆಂಟ್ ಜಾಯಿಂಟಿಗೆ ಹೊರಗಿನಿಂದ ಮತ್ತಷ್ಟು ಸಾಲ್ವೆಂಟ್ ಸವರಿ ಪ್ರಯೋಜನವಿಲ್ಲ. ಕತ್ತರಿಸಿ ಹೊಸ ತುಂಡು, ಹೊಸ ಕಪ್ಲರ್ ಹಾಕಬೇಕು. ಹ್ಯಾಕ್ಸಾದಲ್ಲಿ ನೇರವಾಗಿ ಕೊಯ್ದು, ಅಂಚಿನ ಸಿಬಿರು ಕೆರೆದು, ಹೊರ ಅಂಚನ್ನು ಸ್ವಲ್ಪ ಓರೆ ಮಾಡಿ. ಚೂಪು ಅಂಚು ಸಾಕೆಟ್ಟಿನೊಳಗಿನ ಸಾಲ್ವೆಂಟನ್ನೆಲ್ಲ ಮುಂದಕ್ಕೆ ತಳ್ಳಿಬಿಡುತ್ತದೆ. ಯುಪಿವಿಸಿಗೆ ಯುಪಿವಿಸಿಯ ಸಾಲ್ವೆಂಟ್, ಸಿಪಿವಿಸಿಗೆ ಅದರದೇ. ಪೈಪಿನ ಹೊರಗೆ, ಸಾಕೆಟ್ಟಿನ ಒಳಗೆ ತೆಳುವಾಗಿ ಹಚ್ಚಿ, ತಳ ತಾಗುವ ತನಕ ತೂರಿಸಿ, ಕಾಲು ಸುತ್ತು ತಿರುಗಿಸಿ, 30 ಸೆಕೆಂಡ್ ಒತ್ತಿ ಹಿಡಿಯಿರಿ. ಹಿಡಿಯದಿದ್ದರೆ ಸಾಕೆಟ್ ಒಳಗೆ ಕಿರಿದಾಗುವುದರಿಂದ ಪೈಪು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಒಳಗಿನಿಂದ ಒಂದು ಹನಿ ನೀರು ಇಳಿದು ಬಂದರೂ ಆ ಜಾಯಿಂಟು ಕೆಟ್ಟಂತೆ. ನೀರು ಬಿಡುವ ಮೊದಲು 24 ಗಂಟೆ ಬಿಡಿ.

ಸಾಲ್ವೆಂಟ್ ಹಚ್ಚುವ ಹೊತ್ತಿನಲ್ಲಿ ಏರ್ ಪಂಪ್ ಅದೇ ಕೋಣೆಯ ಗಾಳಿಯನ್ನು ಹೀರಿ ನೀರಿಗೆ ಊದುತ್ತದೆ, ಆವಿಯ ಸಮೇತ. ಕಿಟಕಿ ತೆರೆದು, ವಾಸನೆ ಹೋಗುವವರೆಗೆ ಪಂಪನ್ನು ಬೇರೆ ಕೋಣೆಯಲ್ಲಿಟ್ಟು ಉದ್ದ ಟ್ಯೂಬ್ ಎಳೆದುಕೊಳ್ಳಿ. ಸೊಳ್ಳೆ ಬತ್ತಿಗೂ ಇದೇ ಮಾತು.

ಕತ್ತರಿಸಿದ್ದೇ ಆಯಿತಲ್ಲ, ಕನೆಕ್ಟರಿನ ಪಕ್ಕದಲ್ಲೊಂದು ಯೂನಿಯನ್ ಹಾಕಿಬಿಡಿ. ಮುಂದಿನ ಸಲ ಗರಗಸ ಬೇಕಾಗುವುದಿಲ್ಲ. ಯೂನಿಯನ್ ಸೋರಿದರೆ ಅದರ ಥ್ರೆಡ್ಡಿಗೆ ಟೇಪ್ ಸುತ್ತಬೇಡಿ. ಓ-ರಿಂಗನ್ನು ತೆಗೆದು ಮರಳಿನ ಕಣ, ಕೂದಲು ಸಿಕ್ಕಿಕೊಂಡಿದೆಯೇ ನೋಡಿ, ಒರೆಸಿ, ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ವ್ಯಾಸಲೀನ್ ಬೇಡ, ಕೆಲವು ರಬ್ಬರುಗಳು ಅದರಲ್ಲಿ ಉಬ್ಬುತ್ತವೆ. ಎರಡು ಪೈಪುಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ ಹೊಸ ಓ-ರಿಂಗೂ ಸೋರುತ್ತದೆ.

ನೀರು ತುಂಬಿ ನೋಡುವುದು

ತೂತಿನ ಮೇಲೆ 5 ಸೆಂ.ಮೀ. ಬರುವಷ್ಟು ಮಾತ್ರ ಮೊದಲು ತುಂಬಿ, ಟಿಶ್ಯೂ ಸುತ್ತಿ, ಒಂದು ಗಂಟೆ ಬಿಡಿ. ಒಣಗಿದ್ದರೆ ಪೂರ್ತಿ ತುಂಬಿ 24 ಗಂಟೆ. ತುಂಬಿದಾಗ ಗಾಜು ಕೂದಲೆಳೆಯಷ್ಟು ಹೊರಕ್ಕೆ ಬಾಗುತ್ತದೆ, ಹೊಸ ರಬ್ಬರ್ ಒತ್ತಡಕ್ಕೆ ಸ್ವಲ್ಪ ತಗ್ಗುತ್ತದೆ. ಮರುದಿನ ನಟ್ಟನ್ನು ಕೈಯಲ್ಲಿ ಮುಟ್ಟಿ ನೋಡಿ, ಸಡಿಲವೆನಿಸಿದರೆ ಕೈಬಿಗಿ ಕೊಡಿ. ಕೊನೆಗೆ ಮೋಟರ್ ಹಾಕಿ, ಒಮ್ಮೆ ಬೇಕೆಂದೇ ನಿಲ್ಲಿಸಿ. ರಿಟರ್ನ್ ಪೈಪಿನ ಬಾಯಿ ನೀರಿನೊಳಗೆ 5 ಸೆಂ.ಮೀ. ಮುಳುಗಿದ್ದರೆ, ಅದೇ 4 ಅಡಿಯ ತೊಟ್ಟಿಯಿಂದ 28 ಲೀಟರ್ ಹಿಂದಕ್ಕೆ ಸಂಪಿಗೆ ಇಳಿಯುತ್ತದೆ. ಸಂಪಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಕರೆಂಟು ಹೋದ ರಾತ್ರಿ ನೆಲವೆಲ್ಲ ನೀರು, ಬೆಳಗ್ಗೆ ದೂರು ಮಾತ್ರ ಕನೆಕ್ಟರಿನ ಮೇಲೆ. ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ರಿಟರ್ನ್ ಪೈಪಿಗೊಂದು ಸಣ್ಣ ತೂತು ಮಾಡಿದರೆ ಅಲ್ಲಿ ಗಾಳಿ ನುಗ್ಗಿ, ನೀರನ್ನು ಹಿಂದಕ್ಕೆ ಎಳೆಯುವ ಸೈಫನ್ ಕಡಿಯುತ್ತದೆ. ಆ ತೂತಿನಲ್ಲಿ ಪಾಚಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಹಲ್ಲುಕಡ್ಡಿ ಹಾಕಿ ಬಿಡಿಸಬೇಕು.

ಎಲ್ಲ ಸರಿಯಾಗಿ ಮಾಡಿದರೂ ಮೂರು ನಾಲ್ಕು ತಿಂಗಳಿಗೆ ಅದೇ ಕನೆಕ್ಟರ್ ಮತ್ತೆ ಸೋರಿದರೆ ವಾಷರನ್ನು ಬಿಟ್ಟು ಪೈಪನ್ನು ನೋಡಿ. ನೀರು ತುಂಬಿದ ಪೈಪು, ಬಾಲ್ ವಾಲ್ವ್ ಎಲ್ಲದರ ಭಾರ ಕನೆಕ್ಟರಿಗೇ ಜೋತುಬಿದ್ದಿರುತ್ತದೆ, ಮೋಟರಿನ ನಡುಕವೂ ಗಟ್ಟಿ ಪೈಪಿನ ಮೂಲಕ ಅಲ್ಲಿಗೇ ತಲುಪುತ್ತದೆ. ಸ್ಟ್ಯಾಂಡಿನ ಪಕ್ಕಕ್ಕೆ ಎರಡು ಕ್ಲಾಂಪ್ ಹೊಡೆದು, ಮೋಟರಿನ ಬಾಯಿಗೆ ಗಟ್ಟಿ ಪೈಪಿನ ಬದಲು ಅರ್ಧ ಅಡಿ ಮೆತ್ತನೆಯ ಸಿಲಿಕೋನ್ ಟ್ಯೂಬ್ ಹಾಕಿ, ಎರಡೂ ತುದಿಗೆ ಪ್ಲಾಸ್ಟಿಕ್ ಕ್ಲಿಪ್ ಬಿಗಿಯಿರಿ. ಸ್ಟೀಲ್ ಕ್ಲಿಪ್ ಉಪ್ಪುನೀರಿನ ತೊಟ್ಟಿಯಲ್ಲಿ ತುಕ್ಕು ಹಿಡಿಯುತ್ತದೆ.